ಮೈಕ್ ಇಲ್ಲದ ಗುರುವಾರದ ಹಾಡು: ಹಿಂದಿನ ಸಾಲಿಗೆ ಕೇಳಿಸುವುದು ಹೇಗೆ?

ಬರಿದನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಹೇಳಿ.

ನಾವು ಕೆಲವರು ಸೇರಿ ಒಂದು ಸಣ್ಣ ಫೋಕ್ ಕ್ಲಬ್, ಅಂದರೆ ಜನಪದ ಹಾಡಿನ ಕೂಟ, ನಡೆಸುತ್ತಿದ್ದೇವೆ. ಪ್ರತಿ ಗುರುವಾರ ಸಂಜೆ ಏಳರಿಂದ ಒಂಬತ್ತೂವರೆವರೆಗೆ ಹಾಡು. ಮೈಕ್ ಇಲ್ಲ, ಸ್ಪೀಕರ್ ಇಲ್ಲ, ಗಿಟಾರಿಗೆ ವೈರೂ ಇಲ್ಲ. ಗಿಟಾರ್, ಪಿಟೀಲು, ಮ್ಯಾಂಡೊಲಿನ್, ಒಬ್ಬರ ಹತ್ತಿರ ಕಾನ್ಸರ್ಟಿನಾ, ಎರಡು ಕೈಯಲ್ಲಿ ಹಿಡಿದು ಎಳೆದು ಒತ್ತಿ ನುಡಿಸುವ ಸಣ್ಣ ತಿದಿವಾದ್ಯ. ವಾದ್ಯವೇ ಇಲ್ಲದೆ ಬರೀ ಗಂಟಲಲ್ಲಿ ಹಾಡುವವರೂ ಇದ್ದಾರೆ. ಮೂರು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಲ್ಲ.

ಈಗೀಗ ಜನ ಕಡಿಮೆಯಾಗಿದ್ದಾರೆ. ಮೊದಲು ಮೂವತ್ತು ಮೂವತ್ತೈದು ಜನ ಬರುತ್ತಿದ್ದರು. ಈಗ ಇಪ್ಪತ್ತು ದಾಟಿದರೆ ಹೆಚ್ಚು. ಹಿಂದೆ ಕೂತವರಿಗೆ ಹಾಡಿನ ಮಾತು ಕೇಳಿಸುವುದಿಲ್ಲವಂತೆ. ಕೇಳಿಸದಿದ್ದಾಗ ಪಕ್ಕದವರ ಜೊತೆ ಪಿಸುಗುಟ್ಟುತ್ತಾರೆ. ಪಿಸುಮಾತು ಶುರುವಾದರೆ ಮುಂದಿನವರಿಗೂ ಕೇಳಿಸುವುದಿಲ್ಲ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ‘ಎರಡು ಮೈಕ್, ಎರಡು ಸ್ಪೀಕರ್ ತಂದುಬಿಡೋಣ’ ಅನ್ನುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಹಾಡುವವರು ಉಸಿರು ತೆಗೆದುಕೊಳ್ಳುವುದು, ತಂತಿಯ ಮೇಲೆ ಬೆರಳು ಜಾರುವ ಸದ್ದು, ಪಕ್ಕದ ಕುರ್ಚಿಯವರು ಮೆಲ್ಲಗೆ ದನಿಗೂಡಿಸುವುದು, ಇದಕ್ಕೇ ನಾನು ವಾರವಿಡೀ ಕಾಯುವುದು. ಹಾಗಂತ ನನ್ನ ಇಷ್ಟಕ್ಕಾಗಿ ಹಿಂದಿನ ಸಾಲಿನವರು ಏನೂ ಕೇಳಿಸದೆ ಕೂರಬೇಕಾ? ಅದೂ ಸರಿಯಲ್ಲ.

ಕೋಣೆ ಉದ್ದಕ್ಕಿದೆ. ಸುಮಾರು ಹನ್ನೆರಡು ಮೀಟರ್ ಉದ್ದ, ಆರು ಮೀಟರ್ ಅಗಲ. ಒಂದು ತುದಿಯಲ್ಲಿ ಹಾಡುವವರು. ಅವರ ಬೆನ್ನಿಗೆ ದಪ್ಪ ಪರದೆ. ಕುರ್ಚಿಗಳು ಏಳು ಸಾಲು. ಬಾಗಿಲ ಪಕ್ಕ ಒಂದು ಹಳೇ ಫ್ರಿಜ್. ಮೈಕ್ ಇಲ್ಲದೆ ನಡೆಸುವವರು ಇಲ್ಲಿ ಯಾರಾದರೂ ಇದ್ದರೆ, ನೀವು ಏನು ಮಾಡುತ್ತೀರಿ?

ಹಿಂದಿನಬೆಂಚು

ನಾನು ಹಿಂದಿನ ಸಾಲಿನ ಕಡೆಯಿಂದ ಮಾತಾಡುತ್ತೇನೆ. ನನಗೆ ಎರಡೂ ಕಿವಿಗೆ ಯಂತ್ರ ಇದೆ. ನಮ್ಮಲ್ಲೂ ವಾರಕ್ಕೊಮ್ಮೆ ಇಂಥದ್ದೇ ಕೂಟ ನಡೆಯುತ್ತದೆ. ನಾನು ಹಿಂದೆ ಕೂರುವುದಕ್ಕೆ ಕಾರಣ ಇದೆ. ನಡುವೆ ಎದ್ದು ಹೋಗಬೇಕಾದರೆ ಯಾರಿಗೂ ತೊಂದರೆ ಆಗಬಾರದು ಅಂತ.

ಅಲ್ಲಿ ರಾಗ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಕಥೆ ಹೇಳುವ ಹಾಡುಗಳಲ್ಲಿ ಇದು ತುಂಬ ಬೇಸರ ತರಿಸುತ್ತದೆ. ಹದಿನೈದು ನುಡಿಯ ಹಾಡು. ಯಾರೋ ಹೊರಟರು, ಯಾರೋ ಸತ್ತರು. ಯಾರು ಅಂತ ಗೊತ್ತಾಗುವುದಿಲ್ಲ. ಪಕ್ಕದವರನ್ನು ಕೇಳಿದರೆ ಅದೇ ನೀವು ಹೇಳಿದ ಪಿಸುಮಾತು.

ಹಿಂದೆ ಕೂತವರು ಗಲಾಟೆ ಮಾಡುತ್ತಾರೆ ಅಂತ ದಯವಿಟ್ಟು ಬೈಯಬೇಡಿ. ಅವರಲ್ಲಿ ಅರ್ಧ ಜನ ಕೇಳಿಸಿಕೊಳ್ಳಲು ಒದ್ದಾಡುತ್ತಿರುತ್ತಾರೆ.

ಉಕ್ಕಿನತಂತಿ

ಬರಿದನಿ ಅವರೇ, ನೀವು ಹೇಳಿದ ಅಳತೆ ನೋಡಿದರೆ ತಪ್ಪು ಕೋಣೆಯಲ್ಲಿ ಇಲ್ಲ, ಕುರ್ಚಿ ಹಾಕಿದ ರೀತಿಯಲ್ಲಿದೆ. ದುಡ್ಡು ಖರ್ಚು ಮಾಡುವ ಮೊದಲು ಒಂದು ಗುರುವಾರ ಕೋಣೆಯನ್ನು ಅಡ್ಡಕ್ಕೆ ತಿರುಗಿಸಿ ನೋಡಿ.

ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ ಇದ್ದದ್ದು ಎರಡು ಮೀಟರಿಗೆ 6 ಕಡಿಮೆ, ನಾಲ್ಕಕ್ಕೆ 12, ಎಂಟಕ್ಕೆ 18. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಕ್ಕೆ ಕೊಡುವುದರಿಂದ ಇಷ್ಟು ಇಳಿಯುವುದಿಲ್ಲ. ಆದರೆ ಮಾತಿನ ಸ್ಪಷ್ಟತೆ ನೇರ ಬರುವ ಸದ್ದಿನ ಮೇಲೇ ಜಾಸ್ತಿ ನಿಂತಿದೆ. 10 ಡೆಸಿಬೆಲ್ ಕಡಿಮೆಯಾದರೆ ಕಿವಿಗೆ ಸುಮಾರು ಅರ್ಧದಷ್ಟು ಅನಿಸುತ್ತದೆ. ನಿಮ್ಮ ಏಳನೇ ಸಾಲಿನವರ ಪಾಡು ಇದು.

ಉದ್ದನೆಯ ಗೋಡೆಯ ನಡುವೆ ಹಾಡುವವರನ್ನು ನಿಲ್ಲಿಸಿ. ಅವರ ಮುಂದೆ ಕುದುರೆ ಲಾಳದ ಆಕಾರದಲ್ಲಿ ಮೂರು ಸಾಲು ಹಾಕಿ. ಮೂವತ್ತೈದು ಜನ ಕೂತರೂ ಕೊನೆಯವರು ಐದು ಮೀಟರಿನ ಆಸುಪಾಸಿನಲ್ಲಿ ಇರುತ್ತಾರೆ. ಹನ್ನೊಂದು ಮೀಟರ್ ದೂರ ಇದ್ದವರು ಐದಕ್ಕೆ ಬಂದಂತೆ. ಹಿಂದಿನ ಸಾಲಿನ ಕುರ್ಚಿ ಮುಂದಿನ ಎರಡು ಕುರ್ಚಿಗಳ ಸಂದಿಗೆ ಬರಲಿ. ಜನರ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರುತ್ತದೆ. ಮುಂದಿನವರ ತಲೆ ಅಡ್ಡ ಇದ್ದರೆ ಹಾಡು ಅಲ್ಲೇ ನಿಂತುಬಿಡುತ್ತದೆ.

ಪರದೆ ತೆಗೆಯಿರಿ. ಇದು ಬಹಳ ಮುಖ್ಯ. ಬೆನ್ನ ಹಿಂದೆ ಗಟ್ಟಿ ಗೋಡೆ ಇದ್ದರೆ ದನಿ ಅದಕ್ಕೆ ತಾಗಿ ಮುಂದಕ್ಕೆ ಬರುತ್ತದೆ. ನೇರ ಸದ್ದು ಬಂದ 50 ಮಿಲಿಸೆಕೆಂಡಿನೊಳಗೆ ಬರುವ ಪ್ರತಿಫಲನವನ್ನು ಕಿವಿ ಬೇರೆ ಸದ್ದು ಅಂತ ಎಣಿಸುವುದಿಲ್ಲ, ಮೊದಲಿನದರ ಜೊತೆ ಸೇರಿಸಿಕೊಳ್ಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗೋಡೆಯಿಂದ ಒಂದು ಮೀಟರ್ ಮುಂದೆ ನಿಂತರೆ ಆ ಪ್ರತಿಫಲನ 6 ಮಿಲಿಸೆಕೆಂಡಿನಲ್ಲಿ ಹಿಂದೆಯೇ ಬರುತ್ತದೆ. ಪುಕ್ಕಟೆ ಸಿಗುವ ಬಲ ಇದು. ದಪ್ಪ ಪರದೆ ಅದನ್ನು ನುಂಗುತ್ತದೆ. ಅದರಲ್ಲೂ ಮೇಲಿನ ಕಂಪನಗಳನ್ನು, ಅಂದರೆ ಸುಮಾರು 2000 ಹರ್ಟ್ಜಿಗಿಂತ ಮೇಲಿನದನ್ನು, ಜಾಸ್ತಿ ನುಂಗುತ್ತದೆ. ಸ, ಶ, ತ, ಕ ಇವು ಕಿವಿಗೆ ಬೇರೆ ಬೇರೆ ಅಂತ ಗೊತ್ತಾಗುವುದು ಅಲ್ಲೇ. ಹಿಂದಿನಬೆಂಚು ಅವರು ರಾಗ ಕೇಳಿಸುತ್ತದೆ ಮಾತು ಕೇಳಿಸುವುದಿಲ್ಲ ಅಂದರಲ್ಲ, ಸ್ವರಾಕ್ಷರ ಬರುತ್ತಿದೆ, ವ್ಯಂಜನ ದಾರಿಯಲ್ಲೇ ಕಳೆದುಹೋಗುತ್ತಿದೆ.

ಮೂಲೆಯಲ್ಲಿ ಮಾತ್ರ ನಿಲ್ಲಿಸಬೇಡಿ. ಎರಡು ಗೋಡೆ ಸೇರುವಲ್ಲಿ ಗಿಟಾರಿನ ದಪ್ಪ ತಂತಿಗಳು ಗುಂಯ್‌ಗುಟ್ಟುತ್ತವೆ. ಹಾಡು ಮುಳುಗುತ್ತದೆ.

ಫ್ರಿಜ್ ಆಫ್ ಮಾಡಿ.

ಮಿಕ್ಸರ್‌ಮೇಜು

ನಾನು ವರ್ಷಗಟ್ಟಲೆ ಸೌಂಡ್ ಕೆಲಸ ಮಾಡಿದವನು. ಮೈಕ್ ಪರವಾಗಿ ಮಾತಾಡುತ್ತಾನೆ ಅಂದುಕೊಳ್ಳಬೇಡಿ. ಉಕ್ಕಿನತಂತಿ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕೋಣೆ ಸರಿಯಿಲ್ಲದಿದ್ದರೆ ಸ್ಪೀಕರ್ ಅದೇ ಗೊಂದಲವನ್ನು ಇನ್ನೂ ಜೋರಾಗಿ ಕೇಳಿಸುತ್ತದೆ, ಅಷ್ಟೇ.

ಮೈಕ್ ಬಂದರೆ ಸಂಜೆಯೇ ಬದಲಾಗುತ್ತದೆ. ಎಲ್ಲರೂ ಅರ್ಧ ಗಂಟೆ ಮೊದಲು ಬಂದು ಸೌಂಡ್ ಚೆಕ್ ಮಾಡಬೇಕು. ಒಬ್ಬರು ಮೈಕುಗಳ ಸದ್ದು ಹದ ಮಾಡುವ ಮಿಕ್ಸರ್ ಹಿಂದೆ ಕೂರಬೇಕು, ಅವರು ಹಾಡುವ ಹಾಗಿಲ್ಲ. ಒಬ್ಬರು ಮುಗಿಸಿ ಇನ್ನೊಬ್ಬರು ಬರುವಾಗ ಸ್ಟ್ಯಾಂಡ್ ಎತ್ತುವುದು, ಇಳಿಸುವುದು. ಸಣ್ಣ ಕೋಣೆಯಲ್ಲಿ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ, ಅದು ಮತ್ತೆ ಸ್ಪೀಕರಿಗೆ ಬಂದು, ಸುತ್ತು ಹಾಕಿ ಕಿರುಚುತ್ತದೆ. ಇನ್ನೊಂದು ವಿಷಯ. ಸದ್ದು ಜೋರಾದಷ್ಟೂ ಜನ ಮಾತಾಡುವುದೂ ಜೋರಾಗುತ್ತದೆ. ಇದನ್ನು ನಾನು ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ.

ಬೇಕೇ ಬೇಕು ಅಂತಾದರೆ ಸೂಕ್ಷ್ಮ ಸದ್ದನ್ನೂ ಹಿಡಿಯುವ ಒಂದೇ ಒಂದು ಕಂಡೆನ್ಸರ್ ಮೈಕ್ ನಡುವೆ ಇಡಿ. ಬ್ಲೂಗ್ರಾಸ್ ಅನ್ನುವ ತಂತಿವಾದ್ಯಗಳ ಸಂಗೀತ ನುಡಿಸುವ ಅಮೆರಿಕದ ತಂಡಗಳು 1940ರ ದಶಕದಲ್ಲಿ ಹಾಗೇ ಹಾಡುತ್ತಿದ್ದವು. ಒಂದೇ ಮೈಕಿನ ಸುತ್ತ ಎಲ್ಲರೂ. ಯಾರ ಸರದಿಯೋ ಅವರು ಒಂದು ಹೆಜ್ಜೆ ಮುಂದೆ, ಉಳಿದವರು ಹಿಂದೆ. ಸದ್ದಿನ ಹದ ಅವರ ಕಾಲಿನಲ್ಲಿತ್ತು.

ಹಿಂದಿನಬೆಂಚು ಅವರಿಗೆ ಒಂದು ಪ್ರಶ್ನೆ. ನಿಮ್ಮ ಯಂತ್ರದಲ್ಲಿ ‘ಟಿ’ ಅಂತ ಒಂದು ಆಯ್ಕೆ ಇದೆಯಾ?

ಹಿಂದಿನಬೆಂಚು

ಇದೆ. ಒಮ್ಮೆಯೂ ಬಳಸಿಲ್ಲ. ಯಾಕೆ ಸರ್?

ಮಿಕ್ಸರ್‌ಮೇಜು

ಅದು ಟೆಲಿಕಾಯಿಲ್. ಕೋಣೆಯ ಸುತ್ತ ಒಂದು ತಂತಿ ಎಳೆದು, ಅದಕ್ಕೆ ಲೂಪ್ ಆಂಪ್ಲಿಫೈಯರ್ ಮೂಲಕ ಮೈಕಿನ ಸಿಗ್ನಲ್ ಕೊಟ್ಟರೆ, ತಂತಿ ಸುತ್ತುವರಿದ ಜಾಗದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ನಿಮ್ಮ ಯಂತ್ರ ಅದನ್ನು ನೇರವಾಗಿ ಹಿಡಿಯುತ್ತದೆ. ಇಂಡಕ್ಷನ್ ಲೂಪ್ ಅನ್ನುತ್ತಾರೆ. ಸ್ಪೀಕರೇ ಬೇಡ. ಕೋಣೆಯಲ್ಲಿ ಉಳಿದವರಿಗೆ ಬರೀ ದನಿ, ನಿಮಗೆ ಮಾತ್ರ ಮೈಕ್. ನಡುವೆ ಇರುವ ಕೆಮ್ಮು, ಕುರ್ಚಿ ಸದ್ದು, ಫ್ರಿಜ್ ಸದ್ದು ಎಲ್ಲ ಬಹುಪಾಲು ಹೊರಗೇ ಉಳಿಯುತ್ತದೆ.

ಬರಿದನಿ ಅವರೇ, ಮೈಕ್ ಬೇಕಾ ಬೇಡವಾ ಅಂತ ಜಗಳ ಆಡುವ ಬದಲು ಯಾರಿಗೆ ಬೇಕು ಅಂತ ಕೇಳಿ ನೋಡಿ.

ಬರಿದನಿ

ಈ ಯೋಚನೆ ನನಗೆ ಬಂದೇ ಇರಲಿಲ್ಲ. ತುಂಬ ಥ್ಯಾಂಕ್ಸ್ ಸರ್. ನಮ್ಮಲ್ಲಿ ಕಿವಿಯಂತ್ರ ಹಾಕಿಕೊಳ್ಳುವವರು ಕನಿಷ್ಠ ಮೂವರು ಇದ್ದಾರೆ. ಅವರನ್ನು ಈ ವಾರವೇ ಕೇಳುತ್ತೇನೆ. ಪರದೆಯನ್ನು ಚೆಂದಕ್ಕೆ ಅಂತ ನಾನೇ ಕಟ್ಟಿದ್ದು. ನಾಳೆಯೇ ಬಿಚ್ಚುತ್ತೇನೆ.

ಹಳೇಕೇಳುಗ

ಮೈಕ್ ವಿಷಯ ದೊಡ್ಡವರು ಹೇಳಿದ್ದಾರೆ. ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1950ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಹುಡುಗರು ಸ್ಕಿಫಲ್ ಅಂತ ಒಂದು ಬಗೆಯ ಸಂಗೀತಕ್ಕೆ ಮರುಳಾದರು. ಅಗ್ಗದ ಗಿಟಾರ್, ಬಟ್ಟೆ ಉಜ್ಜುವ ಹಲಗೆ, ಚಹಾ ಪುಡಿ ಬರುತ್ತಿದ್ದ ಮರದ ಪೆಟ್ಟಿಗೆಗೆ ಕೋಲು ಮತ್ತು ಹಗ್ಗ ಕಟ್ಟಿದ ಬಾಸ್. ಸಂಗೀತ ಶಾಲೆಗೆ ಹೋಗದವರೂ ಬಾರಿಸಬಹುದು ಅನ್ನುವ ಧೈರ್ಯ ಅದರಿಂದ ಬಂತು. ಕೆಲವೇ ವರ್ಷಗಳಲ್ಲಿ ಆ ಅಬ್ಬರ ಇಳಿಯಿತು. ಆದರೆ ಗಿಟಾರ್ ಕೈಗೆ ಬಂದಾಗಿತ್ತು, ವಾರಕ್ಕೊಮ್ಮೆ ಸೇರುವ ಅಭ್ಯಾಸವೂ ಆಗಿತ್ತು. ಆ ಕೂಟಗಳಲ್ಲಿ ಎಷ್ಟೋ ಮುಂದೆ ಫೋಕ್ ಕ್ಲಬ್‌ಗಳಾದವು. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಟಾಪಿಕ್ ಫೋಕ್ ಕ್ಲಬ್ 1956ರಲ್ಲಿ ಶುರುವಾಯಿತು. ಅಮೆರಿಕದಲ್ಲಿ ಕೇಂಬ್ರಿಡ್ಜಿನ ಕ್ಲಬ್ 47 ಶುರುವಾದದ್ದು 1958ರಲ್ಲಿ. ಸಾರಟೋಗ ಸ್ಪ್ರಿಂಗ್ಸಿನ ಕೆಫೆ ಲೀನಾ 1960ರಲ್ಲಿ.

ಇಂಥ ಹೆಚ್ಚಿನ ಕಡೆ ಜಾಗ ಅಂದರೆ ಮಹಡಿ ಮೇಲಿನ ಒಂದು ಕೋಣೆ, ಇಲ್ಲವೇ ಹಿಂಬದಿಯ ಒಂದು ಕೋಣೆ. ಮುಖ್ಯ ಸಂಗತಿ ಅಂದರೆ ಅತಿಥಿ ಹಾಡುಗಾರರು ಬಂದ ದಿನವೂ ಅವರಿಗೆ ಮೊದಲು ಊರಿನವರೇ ಇಬ್ಬರೋ ಮೂವರೋ ಎದ್ದು ಒಂದೆರಡು ಹಾಡು ಹಾಡುತ್ತಿದ್ದರು. ಅವರನ್ನು ಫ್ಲೋರ್ ಸಿಂಗರ್ ಅನ್ನುತ್ತಿದ್ದರು. ಕೇಳುಗರ ನಡುವಿನಿಂದ ಎದ್ದು ಬಂದವರು. ಹಾಡಿ ಮುಗಿಸಿ ಮತ್ತೆ ಅಲ್ಲೇ ಹೋಗಿ ಕೂರುವವರು. ವೇದಿಕೆ ಎತ್ತರವಾದರೆ, ದೀಪ ಬಿದ್ದರೆ, ಮೈಕ್ ಮುಂದೆ ನಿಂತರೆ, ಹೀಗೆ ಎದ್ದು ಬರುವುದು ಕಷ್ಟ ಆಗುತ್ತದೆ ಅಲ್ವಾ? ನನ್ನ ಚಿಂತೆ ಅಷ್ಟೇ.

ಪಿಟೀಲು_ಕಲಿಯುತ್ತಿರುವೆ

ಹಳೇಕೇಳುಗ ಅವರ ಕೊನೆಯ ಮಾತು ಓದಿ ಬರೆಯಬೇಕು ಅನಿಸಿತು. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಂದು ಕ್ಲಬ್ಬಿಗೆ ಹೋಗಿದ್ದೆ. ಹೆಸರು ಬೇಡ. ಪಿಟೀಲು ಹಿಡಿದುಕೊಂಡೇ ಹೋಗಿದ್ದೆ, ಅಂದರೆ ಬಾರಿಸುವ ಆಸೆ ಇದೆ ಅಂತ ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಎರಡೂವರೆ ಗಂಟೆಯಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ. ಹಾಡುವವರ ಪಟ್ಟಿ ಎಲ್ಲಿದೆ, ಯಾರಿಗೆ ಹೇಳಬೇಕು, ಏನೂ ತಿಳಿಯಲಿಲ್ಲ. ಆರು ಜನ ಸರದಿಯಲ್ಲಿ ಹಾಡಿದರು. ಆಮೇಲೆ ಅವರೇ ಇನ್ನೊಂದು ಸುತ್ತು ಹಾಡಿದರು. ಚೆನ್ನಾಗಿಯೇ ಹಾಡಿದರು. ಒಬ್ಬೊಬ್ಬರೂ ಹಾಡಿಗೆ ಮುಂಚೆ ಒಳಗಿನವರಿಗೆ ಮಾತ್ರ ಅರ್ಥವಾಗುವ ಮಾತು ಹೇಳಿ ನಕ್ಕರು. ನಾನು ಪೆಟ್ಟಿಗೆ ಬಿಚ್ಚದೆ ವಾಪಸ್ ಬಂದೆ. ಮತ್ತೆ ಹೋಗಲಿಲ್ಲ.

ಬರಿದನಿ ಅಕ್ಕ, ನೀವು ಅಕ್ಕನೋ ಅಣ್ಣನೋ ಗೊತ್ತಿಲ್ಲ, ತಪ್ಪಾದರೆ ಕ್ಷಮಿಸಿ. ನಿಮ್ಮಲ್ಲಿ ಜನ ಕಡಿಮೆಯಾದದ್ದು ಕೇಳಿಸದೆ ಇದ್ದದ್ದಕ್ಕೆ ಮಾತ್ರ ಇರಲಿಕ್ಕಿಲ್ಲ.

ಇನ್ನೊಂದು ಕೇಳಬೇಕಿತ್ತು. ನನ್ನ ಹತ್ತಿರ ಇರುವ ಹಾಡುಗಳೆಲ್ಲ ಅಜ್ಜಿಯಿಂದ ಕಲಿತ ಕನ್ನಡದವು. ಅಲ್ಲಿ ಯಾರಿಗೂ ಕನ್ನಡ ಬರದಿದ್ದರೆ ಹಾಡಬಹುದಾ?

ಬರಿದನಿ

ಅಕ್ಕನೇ ಸರಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮಲ್ಲೂ ಹೀಗೇ ಆಗಿರಬಹುದು ಅಂತ ಅನಿಸುತ್ತಿದೆ. ಎಂಟು ಜನ ಖಾಯಂ ಹಾಡುವವರು ಇದ್ದೇವೆ. ಹೊಸಬರು ಬಂದರೆ ‘ಬನ್ನಿ ಕೂತ್ಕೊಳ್ಳಿ’ ಅನ್ನುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಹಾಡುತ್ತೀರಾ ಅಂತ ಕೇಳುವುದು ಯಾರ ಕೆಲಸ ಅಂತಲೇ ಗೊತ್ತುಮಾಡಿಲ್ಲ.

ಹಳೇಕೇಳುಗ

ಖಂಡಿತ ಹಾಡಿ ತಾಯಿ. ಲಂಡನ್ನಿನಲ್ಲಿ 1961ರಲ್ಲಿ ಹಾಡುಗಾರರಾದ ಯೂವನ್ ಮ್ಯಾಕಾಲ್ ಮತ್ತು ಪೆಗಿ ಸೀಗರ್ ಜೊತೆಯವರು ಸೇರಿ ಸಿಂಗರ್ಸ್ ಕ್ಲಬ್ ನಡೆಸಲು ಶುರುಮಾಡಿದರು. ಅವರ ಕಟ್ಟುಪಾಡು ಏನು ಗೊತ್ತಾ? ಹಾಡುವವರು ತಮಗೆ ಬರುವ ಭಾಷೆಯ, ತಮ್ಮ ಪರಂಪರೆಯ ಹಾಡನ್ನೇ ಹಾಡಬೇಕು. ಇಂಗ್ಲೆಂಡಿನ ಹುಡುಗರು ಅಮೆರಿಕದವರ ಉಚ್ಚಾರ ಅನುಕರಿಸಿ ಹಾಡುವುದನ್ನು ತಡೆಯಲು ಮಾಡಿದ್ದು ಅದು. ಇದು ತುಂಬ ಬಿಗಿ ಅಂತ ಆಗಲೇ ಜಗಳ ಆಗಿತ್ತು, ನನಗೂ ಬಿಗಿ ಅನಿಸುತ್ತದೆ. ಆದರೆ ಆ ಕಟ್ಟುಪಾಡಿನ ಪ್ರಕಾರ ನೋಡಿದರೂ ಅಜ್ಜಿಯಿಂದ ಕಲಿತ ಹಾಡಿಗಿಂತ ಯೋಗ್ಯವಾದದ್ದು ಇನ್ನೊಂದಿಲ್ಲ.

ಜನಪದ ಸಂಗೀತ ಅಂದರೆ ಏನು ಅನ್ನುವುದಕ್ಕೆ ಇಂಟರ್‌ನ್ಯಾಷನಲ್ ಫೋಕ್ ಮ್ಯೂಸಿಕ್ ಕೌನ್ಸಿಲ್ 1954ರಲ್ಲಿ ಮೂರು ಗುರುತು ಹೇಳಿತು. ಹಿಂದಿನದರ ಜೊತೆ ಕೊಂಡಿ ಇರಬೇಕು. ಹಾಡುವವರ ಬಾಯಲ್ಲಿ ಬದಲಾಗುತ್ತ ಹೋಗಬೇಕು. ಯಾವ ರೂಪ ಉಳಿಯಬೇಕು ಅನ್ನುವುದನ್ನು ಸಮುದಾಯವೇ ಆರಿಸಬೇಕು. ನಿಮ್ಮ ಅಜ್ಜಿ ಒಂದು ಸಾಲು ಬದಲಾಯಿಸಿ ಹಾಡುತ್ತಿದ್ದರೆ ಅದು ತಪ್ಪಲ್ಲ. ಹಾಗೇ ಹಾಡಿ.

ಸೊಲ್ಲು

ಭಾಷೆ ಬರದವರ ಮುಂದೆ ನಾನು ಎಷ್ಟೋ ಸಲ ಹಾಡಿದ್ದೇನೆ. ನನ್ನ ರೀತಿ ಹೇಳುತ್ತೇನೆ, ನಿಮಗೆ ಹೊಂದಿದರೆ ತೆಗೆದುಕೊಳ್ಳಿ.

ಮೊದಲು ಕಥೆಯನ್ನು ಅವರ ಭಾಷೆಯಲ್ಲಿ ಮೂರು ವಾಕ್ಯದಲ್ಲಿ ಹೇಳುತ್ತೇನೆ. ಮೂರೇ ವಾಕ್ಯ. ಆಮೇಲೆ ಸೊಲ್ಲನ್ನು, ಅಂದರೆ ಪ್ರತಿ ನುಡಿಗೂ ಮತ್ತೆ ಮತ್ತೆ ಬರುವ ಸಾಲನ್ನು, ಕಲಿಸುತ್ತೇನೆ. ಅರ್ಥ ಇಲ್ಲದ ಉಲಿ ಇರುವ ಸೊಲ್ಲಾದರೆ ಇನ್ನೂ ಸುಲಭ, ಯಾವ ಭಾಷೆಯವರೂ ಹಿಡಿಯುತ್ತಾರೆ. ಅರ್ಧ ಸಾಲು ನಾನು ಹಾಡುತ್ತೇನೆ, ಅವರು ತಿರುಗಿ ಹೇಳುತ್ತಾರೆ. ಎರಡು ಸಲ ಸಾಕು. ಮೂರನೇ ಸಲ ನಾನು ಸುಮ್ನೆ ನಿಂತು ಕೈ ಎತ್ತಿದರೆ ಕೋಣೆಯೇ ಹಾಡುತ್ತದೆ. ಅಮೆರಿಕದ ಜನಪದ ಹಾಡುಗಾರ ಪೀಟ್ ಸೀಗರ್ ಹಾಡುವಾಗ ಮುಂದಿನ ಸಾಲನ್ನು ಮೊದಲೇ ಬೇಗ ಬೇಗ ಹೇಳಿಕೊಡುತ್ತಿದ್ದರು. ಜನ ಪುಸ್ತಕ ನೋಡಬೇಕಿರಲಿಲ್ಲ, ಅವರ ಮುಖ ನೋಡುತ್ತಿದ್ದರು.

ಬರಿದನಿ ಅವರೇ, ನಿಮ್ಮ ಪ್ರಶ್ನೆಗೂ ಇದೇ ನನ್ನ ಉತ್ತರ. ಹಿಂದಿನ ಸಾಲಿನವರು ತಾವೇ ಹಾಡುತ್ತಿದ್ದರೆ ಪಿಸುಗುಟ್ಟುವುದಿಲ್ಲ. ಮೂರು ಹಾಡಿಗೆ ಒಂದಾದರೂ ಎಲ್ಲರೂ ದನಿಗೂಡಿಸುವ ಹಾಡು ಬರಲಿ. ಮೊದಲನೇ ಹಾಡಂತೂ ಅದೇ ಆಗಿರಲಿ. ಬಂದ ಕೂಡಲೇ ಜನ ಬಾಯಿ ತೆರೆದರೆ ಆ ಸಂಜೆ ಅವರದ್ದೂ ಆಗುತ್ತದೆ.

ಶ್ರುತಿ ನೋಡಿಕೊಳ್ಳಿ. ಹಾಡುವವರು ತಮಗೆ ಅನುಕೂಲ ಅಂತ ಎತ್ತರದ ಶ್ರುತಿ ಹಿಡಿಯುತ್ತಾರೆ. ಜನರ ಗಂಟಲು ಅಲ್ಲಿಗೆ ಹೋಗುವುದಿಲ್ಲ, ಬಾಯಿ ಮುಚ್ಚುತ್ತಾರೆ. ಪಾಶ್ಚಾತ್ಯ ಸ್ವರದ ಲೆಕ್ಕದಲ್ಲಿ ಸೊಲ್ಲಿನ ಅತಿ ಎತ್ತರದ ಸ್ವರ ಮಧ್ಯದ ಸಿಗಿಂತ ಒಂದು ಸಪ್ತಕ ಮತ್ತು ಒಂದು ಸ್ವರ ಮೇಲಿರುವ ಡಿ ದಾಟದಿದ್ದರೆ ಹೆಚ್ಚಿನ ಹೆಂಗಸರು ಹಾಡಬಲ್ಲರು, ಗಂಡಸರು ಅದನ್ನೇ ಒಂದು ಸಪ್ತಕ ಕೆಳಗೆ ಹಾಡುತ್ತಾರೆ. ಗಿಟಾರಿನವರಿಗೆ ಇದು ಕಷ್ಟವೇ ಅಲ್ಲ. ಕೇಪೊ, ಅಂದರೆ ಗಿಟಾರಿನ ಕುತ್ತಿಗೆಗೆ ಹಾಕಿ ಎಲ್ಲ ತಂತಿ ಒತ್ತುವ ಕ್ಲಿಪ್ಪು, ಒಂದು ಮನೆ ಸರಿಸಿದರೆ ಅರ್ಧ ಸ್ವರ. ಎರಡು ಮನೆ ಇಳಿಸಿದರೆ ಒಂದು ಸ್ವರ ಇಳಿಯಿತು.

ಉಕ್ಕಿನತಂತಿ

ಕೇಪೊ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೇಪೊ ತಂತಿಯನ್ನು ಒತ್ತುವುದರಿಂದ ಶ್ರುತಿ ಸ್ವಲ್ಪ ಏರುತ್ತದೆ. ಹಾಕಿದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಬೇಕು. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಗಿಟಾರಿನ ಉಕ್ಕಿನ ತಂತಿ ಹಿಗ್ಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಬಂದ ಕೂಡಲೇ ಪೆಟ್ಟಿಗೆಯಿಂದ ತೆಗೆದು ಇಪ್ಪತ್ತು ನಿಮಿಷ ಕೋಣೆಯಲ್ಲೇ ಇಡಿ, ಆಮೇಲೆ ಶ್ರುತಿ ಮಾಡಿ. ಹೊಸ ತಂತಿಯನ್ನು ಅದೇ ದಿನ ಕಟ್ಟಿಕೊಂಡು ಬರಬೇಡಿ, ಅದು ಎಳೆದುಕೊಳ್ಳುತ್ತಲೇ ಇರುತ್ತದೆ.

ಗಿಟಾರಿನ ತಲೆಗೆ ಕಚ್ಚಿಸುವ ಟ್ಯೂನರ್, ಅಂದರೆ ಶ್ರುತಿ ತೋರಿಸುವ ಸಾಧನ, ಮರದ ಕಂಪನವನ್ನೇ ಹಿಡಿಯುತ್ತದೆ. ಅಕ್ಕಪಕ್ಕ ಎಷ್ಟೇ ಸದ್ದಿದ್ದರೂ ಕೆಲಸ ಮಾಡುತ್ತದೆ. ಬೇರೆಯವರು ಹಾಡುವಾಗ ಜೋರಾಗಿ ತಂತಿ ಮೀಟಿ ಶ್ರುತಿ ಮಾಡುವ ಅಗತ್ಯ ಈಗ ಯಾರಿಗೂ ಇಲ್ಲ.

ಕಾನ್ಸರ್ಟಿನಾ ಇದೆ ಅಂದಿರಿ. ಅದರ ರೀಡುಗಳನ್ನು, ಅಂದರೆ ಒಳಗೆ ಕಂಪಿಸಿ ಸದ್ದು ಮಾಡುವ ಲೋಹದ ಪಟ್ಟಿಗಳನ್ನು, ನಿಂತಲ್ಲಿ ತಿರುಗಿಸಿ ಸರಿ ಮಾಡಲು ಆಗುವುದಿಲ್ಲ. ಎ ಸ್ವರಕ್ಕೆ ಟ್ಯೂನರ್ 440 ಹರ್ಟ್ಜ್ ಅಂದರೂ, ಕಾನ್ಸರ್ಟಿನಾ 442 ಅಂದರೆ ಉಳಿದವರು 442ಕ್ಕೇ ಬರಬೇಕು. ಅದರ ಸದ್ದು ಎರಡು ಪಕ್ಕದಿಂದ ಹೊರಬರುತ್ತದೆ, ಮುಂದಕ್ಕಲ್ಲ. ಪಕ್ಕದಲ್ಲಿ ಕೂತವರ ಕಿವಿಗೇ ಜೋರು. ಅವರನ್ನು ಮೆಲ್ಲಗೆ ಹಾಡುವವರ ಪಕ್ಕ ಕೂರಿಸಬೇಡಿ.

ಹಿಂದಿನಬೆಂಚು

ಹೊಸಬರ ವಿಷಯಕ್ಕೆ ನಾನೊಂದು ಸೇರಿಸುತ್ತೇನೆ. ನಮ್ಮಲ್ಲಿ ಬಾಗಿಲ ಹತ್ತಿರ ಒಂದು ನೋಟುಪುಸ್ತಕ ಮತ್ತು ಪೆನ್ನು ಇಡುತ್ತಾರೆ. ಹಾಡುವ ಮನಸ್ಸಿದ್ದವರು ಹೆಸರು ಬರೆಯುತ್ತಾರೆ. ಅಲ್ಲೊಬ್ಬರು ನಿಂತಿರುತ್ತಾರೆ. ಆ ಸಂಜೆ ಅವರು ಹಾಡುವುದಿಲ್ಲ, ಬರುವವರನ್ನು ಮಾತಾಡಿಸುವುದೇ ಅವರ ಕೆಲಸ. ಪ್ರತಿಯೊಬ್ಬರಿಗೂ ಎರಡು ಹಾಡು. ಮೊದಲ ಸಲ ಬಂದವರ ಹೆಸರು ಮೊದಲ ಅರ್ಧದಲ್ಲೇ ಬರುತ್ತದೆ, ಆದರೆ ಎಲ್ಲಕ್ಕಿಂತ ಮೊದಲು ಬರುವುದಿಲ್ಲ. ಎರಡನೆಯವರೋ ಮೂರನೆಯವರೋ ಆಗಿ ಬರುತ್ತದೆ. ಕೊನೆಯವರೆಗೆ ಕಾಯಿಸಿದರೆ ಭಯದಲ್ಲೇ ಅರ್ಧ ಜೀವ ಹೋಗಿರುತ್ತದೆ ಪಾಪ.

ಪಿಟೀಲಿನವರೇ, ನೀವು ಮತ್ತೆ ಯಾವುದಾದರೂ ಕಡೆ ಹೋಗಿ. ಒಂದು ಕೆಟ್ಟ ಸಂಜೆಗೆ ಬಿಟ್ಟುಬಿಡಬೇಡಿ.

ಮಿಕ್ಸರ್‌ಮೇಜು

ಮೈಕ್ ಬೇಡ ಅನ್ನುವುದಕ್ಕೆ ಕೆಲವು ಕಡೆ ಕಾನೂನಿನ ಅನುಕೂಲವೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2012ರ ಲೈವ್ ಮ್ಯೂಸಿಕ್ ಕಾಯಿದೆ ಬಂದ ಮೇಲೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಮೈಕ್ ಬಳಸದ ಸಂಗೀತಕ್ಕೆ ಪರವಾನಗಿ ಬೇಕಿಲ್ಲ. ಮೈಕ್ ಬಳಸಿದರೆ ಜಾಗ, ಜನರ ಸಂಖ್ಯೆ ಅಂತ ಷರತ್ತು ಬರುತ್ತದೆ. ನೀವು ಇರುವ ಕಡೆ ಏನಿದೆ ಅಂತ ಒಮ್ಮೆ ವಿಚಾರಿಸಿ.

ಬರಿದನಿ

ಎರಡು ಗುರುವಾರ ಕಳೆದವು. ಏನಾಯಿತು ಅಂತ ಬರೆಯುತ್ತೇನೆ.

ಮೊದಲ ವಾರ ಪರದೆ ಬಿಚ್ಚಿದೆವು, ಕೋಣೆಯನ್ನು ಅಡ್ಡಕ್ಕೆ ತಿರುಗಿಸಿದೆವು. ಲಾಳದ ಆಕಾರ, ಮೂರು ಸಾಲು. ಬಂದವರು ಬಾಗಿಲಲ್ಲೇ ನಿಂತು ಇದೇನು ಹೀಗೆ ಅಂದರು. ಖಾಯಂ ಕುರ್ಚಿ ಇದ್ದ ಒಬ್ಬರಿಗೆ ಸ್ವಲ್ಪ ಬೇಜಾರಾಯಿತು. ಏಳು ಗಂಟೆಗೆ ಎಲ್ಲರೂ ಸೇರಿ ಹಾಡುವ ಹಾಡಿನಿಂದಲೇ ಶುರುಮಾಡಿದೆವು. ಮೊದಲ ನುಡಿಗೆ ಮುಂದಿನ ಸಾಲು ಮಾತ್ರ ಹಾಡಿತು. ಎರಡನೇ ನುಡಿಗೆ ಎದುರುಬದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಲಾಳದ ಆಕಾರದ ನಿಜವಾದ ಲಾಭ ನನಗೆ ಆಗ ಗೊತ್ತಾಯಿತು. ಸಾಲಿನಲ್ಲಿ ಕೂತಾಗ ಎದುರಿಗೆ ಬರೀ ಬೆನ್ನು ಕಾಣುತ್ತದೆ. ಈಗ ಹಾಡುತ್ತಿರುವ ಬಾಯಿಗಳು ಕಾಣುತ್ತವೆ. ಮೂರನೇ ನುಡಿಗೆ ಇಡೀ ಕೋಣೆ ಹಾಡುತ್ತಿತ್ತು.

ನಮ್ಮಲ್ಲೊಬ್ಬರು ತುಂಬ ಮೆಲ್ಲಗೆ ಹಾಡುತ್ತಾರೆ. ನೈಲಾನ್ ತಂತಿಯ ಗಿಟಾರ್ ಬೇರೆ. ಅವರದ್ದು ಕೇಳಿಸುವುದೇ ಇಲ್ಲ ಅಂತ ಮೊದಲಿಂದಲೂ ದೂರು. ಅವರನ್ನು ಗೋಡೆಯ ಹತ್ತಿರ ನಿಲ್ಲಿಸುವ ಬದಲು ಲಾಳದ ಒಳಗೆ, ಎಲ್ಲರ ನಡುವೆ ಒಂದು ಕುರ್ಚಿ ಹಾಕಿ ಕೂರಿಸಿದೆವು. ಯಾರಿಂದಲೂ ಮೂರ್ನಾಲ್ಕು ಮೀಟರಿಗಿಂತ ದೂರ ಇಲ್ಲ. ಅವರು ದನಿ ಎತ್ತರಿಸಲಿಲ್ಲ, ಎಂದಿನಂತೆಯೇ ಹಾಡಿದರು. ಕೋಣೆಯೇ ಅವರ ದನಿಯ ಮಟ್ಟಕ್ಕೆ ಇಳಿಯಿತು. ಉಸಿರಾಡಿದರೆ ಕೇಳಿಸುವಷ್ಟು ಮೌನ. ಹಾಡು ಮುಗಿದ ಮೇಲೆ ಚಪ್ಪಾಳೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮೂರು ವರ್ಷದಿಂದ ಅವರ ಹಾಡು ಕೇಳುತ್ತಿದ್ದೇನೆ. ಅದರ ಕೊನೆಯ ನುಡಿಯಲ್ಲಿ ತಾಯಿ ಬಾಗಿಲು ತೆರೆಯುವುದಿಲ್ಲ ಅನ್ನುವುದು ನನಗೆ ಮೊನ್ನೆ ಗೊತ್ತಾಯಿತು.

ಎರಡನೇ ವಾರ ನೋಟುಪುಸ್ತಕ ಇಟ್ಟೆವು. ಬಾಗಿಲಲ್ಲಿ ನಾನೇ ನಿಂತೆ. ಇಬ್ಬರು ಹೊಸಬರು ಬಂದರು, ಒಬ್ಬರು ಹೆಸರು ಬರೆದರು. ಇನ್ನೊಬ್ಬರು ಮುಂದಿನ ವಾರ ಬರೆಯುತ್ತೇನೆ ಅಂದರು. ಒಟ್ಟು ಇಪ್ಪತ್ತಮೂರು ಜನ. ಜನರ ಸಂಖ್ಯೆ ಇನ್ನೂ ಹಳೇ ಮಟ್ಟಕ್ಕೆ ಬಂದಿಲ್ಲ.

ಎಲ್ಲವೂ ಸರಿಯಾಗಿಲ್ಲ. ಕಿವಿಯಂತ್ರ ಇರುವ ಮೂವರಲ್ಲಿ ಇಬ್ಬರಿಗೆ ಹತ್ತಿರ ಕೂತದ್ದರಿಂದ ಸಾಕಾಯಿತು. ಒಬ್ಬರಿಗೆ ಈಗಲೂ ಮಾತು ಹಿಡಿಯುವುದಿಲ್ಲ. ಅವರ ಯಂತ್ರದಲ್ಲಿ ‘ಟಿ’ ಇದೆ. ಸ್ಪೀಕರಿಗೆ ಅಂತ ಎತ್ತಿಟ್ಟ ದುಡ್ಡನ್ನು ಲೂಪಿಗೆ ಹಾಕೋಣ ಅಂತ ಗುಂಪಿನಲ್ಲಿ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ. ಅದು ಬರುವವರೆಗೆ ಉದ್ದನೆಯ ಕಥೆ ಹಾಡುಗಳ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡುತ್ತಿದ್ದೇವೆ.

ಫ್ರಿಜ್ ಆಫ್ ಮಾಡಿದೆವು. ಅದು ಅಷ್ಟು ಸದ್ದು ಮಾಡುತ್ತಿತ್ತು ಅಂತ ನಿಂತ ಮೇಲೇ ಗೊತ್ತಾದದ್ದು. ಆದರೆ ಮೊದಲ ವಾರ ವಾಪಸ್ ಆನ್ ಮಾಡುವುದನ್ನು ಮರೆತು ಮನೆಗೆ ಹೋದೆವು. ಜಾಗದವರಿಂದ ಬೈಸಿಕೊಂಡೆವು.

ಪಿಟೀಲು_ಕಲಿಯುತ್ತಿರುವೆ

ಅಕ್ಕ, ಆ ಹಾಡು ಮುಗಿದ ಮೇಲಿನ ಮೌನದ ಬಗ್ಗೆ ಓದಿ ಮೈ ಜುಂ ಅಂದಿತು.

ನಾನು ಬೇರೆ ಒಂದು ಕ್ಲಬ್ಬಿಗೆ ಹೋಗಲು ಗಟ್ಟಿ ಮನಸ್ಸು ಮಾಡಿದ್ದೇನೆ. ಮುಂದಿನ ಮಂಗಳವಾರ. ಸೊಲ್ಲು ಅವರು ಹೇಳಿದಂತೆ ಮೂರು ವಾಕ್ಯ ಬರೆದು ಇಟ್ಟುಕೊಂಡಿದ್ದೇನೆ. ಪಿಟೀಲು ಬಾರಿಸುತ್ತ ಹಾಡುವುದು ಇನ್ನೂ ಬರುವುದಿಲ್ಲ. ಬರೀ ಗಂಟಲಲ್ಲಿ ಹಾಡಿ ಆಮೇಲೆ ಅದೇ ರಾಗವನ್ನು ಪಿಟೀಲಿನಲ್ಲಿ ಬಾರಿಸಿದರೆ ಆಗುತ್ತದಾ?

ಸೊಲ್ಲು

ಚೆನ್ನಾಗಿ ಆಗುತ್ತದೆ. ಇನ್ನೂ ಒಂದು ಮಾಡಿ. ಪಿಟೀಲು ಬಾರಿಸಿ ಮುಗಿಸಿದ ಮೇಲೆ ಸೊಲ್ಲನ್ನು ಕೊನೆಗೊಮ್ಮೆ ಹಾಡಿ. ಅಷ್ಟು ಹೊತ್ತಿಗೆ ಅವರಿಗೆ ರಾಗ ಬಂದಿರುತ್ತದೆ, ಜೊತೆಗೆ ಹಾಡುತ್ತಾರೆ. ಹಾಡು ಎತ್ತುವ ಮೊದಲು ಪಿಟೀಲಿನ ಒಂದು ತಂತಿ ಮೀಟಿ ಶ್ರುತಿ ತೆಗೆದುಕೊಳ್ಳಿ. ಭಯದಲ್ಲಿ ಗಂಟಲು ಮೇಲಕ್ಕೆ ಹೋಗುತ್ತದೆ.

ಮಿಕ್ಸರ್‌ಮೇಜು

ಬರಿದನಿ ಮೇಡಂ, ಫ್ರಿಜ್ಜಿಗೆ ಒಂದು ಉಪಾಯ ಇದೆ. ಮನೆಗಳಲ್ಲಿ ರೆಕಾರ್ಡಿಂಗ್ ಮಾಡುವ ಸೌಂಡಿನವರು ಫ್ರಿಜ್ ಆಫ್ ಮಾಡಿದ ಕೂಡಲೇ ತಮ್ಮ ಗಾಡಿಯ ಕೀಲಿಯನ್ನು ಅದರೊಳಗೆ ಇಡುತ್ತಾರೆ. ಮನೆಗೆ ಹೋಗಬೇಕಾದರೆ ಬಾಗಿಲು ತೆರೆಯಲೇಬೇಕು, ತೆರೆದಾಗ ದೀಪ ಹತ್ತದಿದ್ದರೆ ನೆನಪಾಗುತ್ತದೆ.

ಬರಿದನಿ

ಈ ಗುರುವಾರದಿಂದ ಕೋಣೆಯ ಕೀಲಿಯನ್ನೇ ಒಳಗಿಡುತ್ತೇನೆ. ಕುರ್ಚಿ ತಿರುಗಿಸಲು ಆರೂವರೆಗೇ ಬರುತ್ತೇವೆ. ಲೂಪಿನ ತಂತಿಯನ್ನು ನೆಲದ ಅಂಚಿನಲ್ಲಿ ಎಳೆಯಬೇಕಾ, ಬಾಗಿಲ ಹತ್ತಿರ ಮೇಲಿಂದ ತರಬೇಕಾ ಅಂತ ಹೇಳಿ ಸರ್. ಜನ ತುಳಿಯುವ ಜಾಗ ಅದು.

ಮಿಕ್ಸರ್‌ಮೇಜು

ಗೋಡೆಯ ಬುಡದಲ್ಲೇ ಎಳೆಯಿರಿ. ಬಾಗಿಲ ಹತ್ತಿರ ಚೌಕಟ್ಟಿನ ಮೇಲಿಂದ ತಂದು ಮತ್ತೆ ಕೆಳಗೆ ಇಳಿಸಿ. ಪೂರ್ತಿ ಅಂಟಿಸುವ ಮೊದಲು ಟೇಪ್ ಹಾಕಿ, ಆ ಒಬ್ಬರನ್ನು ಕರೆದು ಒಂದು ಹಾಡು ಕೇಳಿಸಿ ನೋಡಿ.